ಮೊದಲ ಗೋಸುಂಬೆಗೆ ನೆಲೆ ಸಿದ್ಧಪಡಿಸುವುದು: ಪಂಜರ, ಕೊಂಬೆ, ಬೆಳಕು, ನೀರು

ಗೋಸುಂಬೆ ಸಾಕಲು ಹೊರಟವರು ಹೆಚ್ಚಾಗಿ ಪ್ರಾಣಿಯನ್ನು ಮೊದಲು ತರುತ್ತಾರೆ, ಪಂಜರದ ಚಿಂತೆ ಆಮೇಲೆ. ಈ ಕ್ರಮ ತಲೆಕೆಳಗಾಗಬೇಕು. ಪಂಜರ ನಿಂತು, ದೀಪ ಉರಿದು, ನೀರು ಚಿಮ್ಮಿ, ಎರಡು ವಾರ ಎಲ್ಲವೂ ತಾನಾಗಿ ನಡೆದ ಮೇಲೆ ಪ್ರಾಣಿ ಒಳಗೆ ಬರಬೇಕು. ನಾಯಿಮರಿಯೋ ಮೊಲವೋ ಆದರೆ ನಾಲ್ಕು ದಿನ ಹೇಗೋ ಹೊಂದಿಕೊಂಡು ಹೋಗುತ್ತದೆ. ಗೋಸುಂಬೆ ಹಾಗಲ್ಲ. ಅದು ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳದು, ಬಟ್ಟಲಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಮುಟ್ಟದು, ಕಾಯಿಲೆ ಬಿದ್ದರೂ ತೀರಾ ಹದಗೆಡುವವರೆಗೆ ತೋರಿಸಿಕೊಳ್ಳದು. ಸಾಕಿದ ಗೋಸುಂಬೆಗಳಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಪಂಜರದಲ್ಲೇ: ಯುವಿಬಿ (ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ಒಂದು ಭಾಗ) ಸಾಲದೆ, ಬಿಸಿ ಹೆಚ್ಚಾಗಿ, ನೀರು ಸಿಗದೆ, ಇಲ್ಲವೇ ಗಾಳಿಯಾಡದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ಗೋಸುಂಬೆಗೆ ಎಷ್ಟು ಡಿಗ್ರಿ ಬೇಕು?" ಎಂಬ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದಕ್ಕೆ ಬೇಕಾದದ್ದು ಒಂದು ಡಿಗ್ರಿಯಲ್ಲ. ಮೇಲೆ ಬಿಸಿ, ಕೆಳಗೆ ತಂಪು; ಒಂದು ಕಡೆ ಬಯಲು, ಪಕ್ಕದಲ್ಲೇ ಎಲೆಯ ಮರೆ; ಹಗಲು ಒಣ, ರಾತ್ರಿ ತೇವ. ಇವೆಲ್ಲ ಒಂದೇ ಪಂಜರದಲ್ಲಿ ನಾಲ್ಕು ಹೆಜ್ಜೆ ಅಂತರದಲ್ಲಿ ಸಿಗಬೇಕು. ಯಾವಾಗ ಎಲ್ಲಿ ಕೂರಬೇಕು ಎಂಬುದನ್ನು ಅದು ನಮಗಿಂತ ಚೆನ್ನಾಗಿ ಬಲ್ಲದು.

1. ಯಾವ ಗೋಸುಂಬೆ ಎಂಬುದು ಮೊದಲು ತೀರ್ಮಾನವಾಗಲಿ

ಗೋಸುಂಬೆಗಳಲ್ಲಿ 200ಕ್ಕೂ ಹೆಚ್ಚು ಜಾತಿಗಳಿವೆ. ಸಾಕುವವರ ಕೈಗೆ ಸಾಮಾನ್ಯವಾಗಿ ಬರುವುದು ಮೂರು. ವೇಲ್ಡ್ ಗೋಸುಂಬೆ ಯೆಮನ್ ಮತ್ತು ನೈಋತ್ಯ ಸೌದಿ ಅರೇಬಿಯಾದ್ದು. ನೆತ್ತಿಯ ಮೇಲೆ ಎತ್ತರದ ಕಿರೀಟ, ಗಡಸು ಜೀವ. ಪ್ಯಾಂಥರ್ ಗೋಸುಂಬೆ ಮಡಗಾಸ್ಕರ್‌ನ ಉತ್ತರ ಮತ್ತು ಪೂರ್ವದ ತಗ್ಗು ಪ್ರದೇಶದ್ದು. ಊರಿಗೊಂದು ಬಣ್ಣ ಎನ್ನುವಷ್ಟು ವೈವಿಧ್ಯ. ಜಾಕ್ಸನ್ ಗೋಸುಂಬೆ ಕೀನ್ಯಾ ಮತ್ತು ತಾಂಜಾನಿಯಾದ ಎತ್ತರದ ಬೆಟ್ಟಗಳದ್ದು. ಗಂಡಿಗೆ ಮೂರು ಕೊಂಬು, ಹೆಣ್ಣು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ.

ಮೊದಲ ಸಲ ಸಾಕುವವರಿಗೆ ಗಂಡು ವೇಲ್ಡ್ ಅಥವಾ ಗಂಡು ಪ್ಯಾಂಥರ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹೆಣ್ಣಿಗೆ ಮೊಟ್ಟೆಯ ತಾಪತ್ರಯವಿದೆ, ಅದನ್ನು ಮುಂದೆ ಹೇಳುತ್ತೇನೆ. ಜಾಕ್ಸನ್‌ಗೆ ರಾತ್ರಿ ನಿಜವಾದ ಚಳಿ ಬೇಕು. ಸೆಕೆಯ ಜಾಗದಲ್ಲಿ ಅದನ್ನು ಒದಗಿಸುವುದು ಸುಲಭವಲ್ಲ.

ಮೂರರಿಂದ ನಾಲ್ಕು ತಿಂಗಳು ತುಂಬಿದ, ಸಾಕಣೆಯಲ್ಲೇ ಹುಟ್ಟಿದ ಮರಿಯನ್ನೇ ತನ್ನಿ. ಕಾಡಿನಿಂದ ಹಿಡಿದು ತಂದವು ಪರೋಪಜೀವಿಗಳನ್ನೂ ವಿಪರೀತ ಹೆದರಿಕೆಯನ್ನೂ ಹೊತ್ತು ಬರುತ್ತವೆ. ಅದೂ ಅಲ್ಲದೆ, ಅಪಾಯದಲ್ಲಿರುವ ಕಾಡುಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟಿಸ್ ಒಪ್ಪಂದದಡಿ ಬಹುತೇಕ ಎಲ್ಲ ಗೋಸುಂಬೆಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ, ಕೆಲವು ದೇಶಗಳಲ್ಲಿ ಸ್ಥಳೀಯ ಜಾತಿಗಳನ್ನು ಮುಟ್ಟುವುದೂ ಅಪರಾಧ. ನೀವಿರುವಲ್ಲಿ ಯಾವುದನ್ನು ಸಾಕಲು ಅನುಮತಿಯಿದೆ, ಯಾವ ಕಾಗದಪತ್ರ ಬೇಕು ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳದೆ ಮುಂದಿನ ಹಂತಕ್ಕೆ ಹೋಗಬೇಡಿ.

ಒಂದು ಪಂಜರಕ್ಕೆ ಒಂದೇ ಗೋಸುಂಬೆ. ಜೊತೆಗೊಂದಿರಲಿ ಎಂಬ ಕನಿಕರ ಇಲ್ಲಿ ಬೇಡ. ಎದುರಿಗೆ ಇನ್ನೊಂದು ಕಾಣುತ್ತಿದ್ದರೆ ಸಾಕು, ದಿನವಿಡೀ ಆತಂಕದಲ್ಲೇ ಇರುತ್ತವೆ. ಎರಡು ಪಂಜರ ಇಟ್ಟರೂ ನಡುವೆ ಮರೆ ಕಟ್ಟಬೇಕಾಗುತ್ತದೆ.

2. ಪಂಜರ: ಉದ್ದಕ್ಕಿಂತ ಎತ್ತರ ಮುಖ್ಯ

ದೊಡ್ಡ ಗಂಡಿಗೆ ಕನಿಷ್ಠ 60 ಸೆಂ.ಮೀ. ಅಗಲ, 60 ಸೆಂ.ಮೀ. ಆಳ, 120 ಸೆಂ.ಮೀ. ಎತ್ತರ. ಹೆಣ್ಣಿಗೆ 45×45×90 ಸೆಂ.ಮೀ. ಸಾಕು ಎನ್ನುತ್ತಾರೆ, ಜಾಗವಿದ್ದರೆ ಅದಕ್ಕೂ ದೊಡ್ಡದನ್ನೇ ಕೊಡಿ. ಮರಿಗೆಂದು ಚಿಕ್ಕ ಪಂಜರ, ಆಮೇಲೆ ದೊಡ್ಡದು ಎಂದು ಎರಡೆರಡು ಸಲ ಖರ್ಚು ಮಾಡುವ ಅಗತ್ಯವಿಲ್ಲ. ಮೂರು ತಿಂಗಳು ದಾಟಿದ ಮರಿಗೆ ದೊಡ್ಡ ಪಂಜರ ಹೆಚ್ಚಾಗುವುದಿಲ್ಲ. ಕಾಡಿನಲ್ಲಿ ಅದಕ್ಕೆ ಯಾರೂ ಬೇಲಿ ಹಾಕಿರುವುದಿಲ್ಲವಲ್ಲ. ಊಟ ಒಂದೇ ಜಾಗದಲ್ಲಿ ಸಿಗುವಂತೆ ನೋಡಿಕೊಂಡರೆ ಆಯಿತು.

ಗೋಡೆ ಜಾಲರಿಯದ್ದೋ ಗಾಜಿನದ್ದೋ ಎಂಬುದರ ಬಗ್ಗೆ ಸಾಕುವವರಲ್ಲಿ ಮುಗಿಯದ ಜಗಳ. ಉತ್ತರ ನಿಮ್ಮ ಕೋಣೆಯ ಗಾಳಿಯಲ್ಲಿದೆ. ಕೋಣೆಯ ಗಾಳಿ ತೇವವಾಗಿ ಬೆಚ್ಚಗಿದ್ದರೆ ನಾಲ್ಕೂ ಕಡೆ ಜಾಲರಿ ಇರಲಿ. ಗಾಳಿ ಒಣಗಿದ್ದರೆ, ಹೀಟರ್ ಅಥವಾ ಎ.ಸಿ. ಸದಾ ಓಡುತ್ತಿದ್ದರೆ, ಮೂರು ಬದಿ ಪ್ಲಾಸ್ಟಿಕ್ ಹಲಗೆ ಅಥವಾ ಗಾಜು, ಮೇಲ್ಭಾಗ ಮಾತ್ರ ಜಾಲರಿ ಇರುವ ಮಿಶ್ರ ಪಂಜರ ಒಳ್ಳೆಯದು. ಆದರೆ ಅಂಥ ಪಂಜರಕ್ಕೆ ಮುಂಭಾಗದ ಬುಡದಲ್ಲಿ ಗಾಳಿಕಿಂಡಿ ಇರಲೇಬೇಕು. ಮೇಲೆ ದೀಪದಿಂದ ಬಿಸಿಯಾದ ಗಾಳಿ ಏರಿ ಹೊರಹೋಗುತ್ತದೆ, ಕೆಳಗಿನಿಂದ ತಾಜಾ ಗಾಳಿ ಒಳಬರುತ್ತದೆ. ಈ ಓಟ ನಿಂತರೆ ಒಳಗೆ ಬಿಸಿ ಮತ್ತು ತೇವ ಒಟ್ಟಿಗೆ ಕಟ್ಟಿಕೊಳ್ಳುತ್ತದೆ. ಶ್ವಾಸಕೋಶದ ಸೋಂಕಿಗೆ ಅದಕ್ಕಿಂತ ಒಳ್ಳೆಯ ಆಹ್ವಾನ ಬೇರೆ ಇಲ್ಲ.

ಜಾಲರಿ ಅಲ್ಯೂಮಿನಿಯಂನದ್ದಾಗಿರಲಿ. ನೈಲಾನ್ ಅಥವಾ ಫೈಬರ್ ಜಾಲರಿಯನ್ನು ಆಹಾರದ ಹುಳುಗಳು ಕಡಿದು ತೂತು ಮಾಡುತ್ತವೆ. ಒರಟು ಕಬ್ಬಿಣದ ಜಾಲರಿಯಲ್ಲಿ ಗೋಸುಂಬೆಯ ಉಗುರು ಸಿಕ್ಕಿ ಕಿತ್ತುಬರುತ್ತದೆ. ಒಳಗಿನಿಂದ ಗಾಜು ಕನ್ನಡಿಯಂತೆ ಹೊಳೆಯುತ್ತಿದ್ದರೆ ಆ ಬದಿಗೆ ಹೊರಗಿನಿಂದ ಬಿಳಿ ಹಾಳೆ ಅಂಟಿಸಿ. ತನ್ನದೇ ಪ್ರತಿಬಿಂಬವನ್ನು ಎದುರಾಳಿ ಎಂದುಕೊಂಡು ಅದು ಮೈ ಉಬ್ಬಿಸಿ ನಿಲ್ಲುತ್ತದೆ.

3. ಕೋಣೆಯಲ್ಲಿ ಎಲ್ಲಿ?

ಒಂದು ಮೂಲೆ, ಎರಡು ಬದಿಗೆ ಗೋಡೆ, ಜನರ ಓಡಾಟ ಕಡಿಮೆ. ಬಾಗಿಲ ಪಕ್ಕ, ಟಿ.ವಿ. ಎದುರು, ಫ್ಯಾನಿನ ಕೆಳಗೆ, ಒಗ್ಗರಣೆಯ ಹೊಗೆ ಬರುವ ಕಡೆ ಬೇಡ. ನೇರ ಬಿಸಿಲು ಬೀಳುವ ಕಿಟಕಿಯೂ ಬೇಡ. ಗಾಜಿನ ಪಂಜರವಾದರೆ ಅರ್ಧ ಗಂಟೆಯಲ್ಲಿ ಒಳಗೆ ಒಲೆಯಾಗುತ್ತದೆ.

ಪಂಜರವನ್ನು ನೆಲದ ಮೇಲೆ ಇಡಬೇಡಿ. ಮರದ ಮೇಲೆ ಬಾಳುವ ಪ್ರಾಣಿಗೆ ಅಪಾಯ ಮೇಲಿನಿಂದ ಬರುತ್ತದೆ. ಮನುಷ್ಯರು ಮೇಲಿನಿಂದ ಬಗ್ಗಿ ನೋಡಿದರೆ ಅದಕ್ಕೆ ಹದ್ದು ಬಂದಂತೆ. ಗಟ್ಟಿ ಮೇಜಿನ ಮೇಲೋ ಸ್ಟ್ಯಾಂಡಿನ ಮೇಲೋ ಇಟ್ಟು, ಅದು ದೀಪದಡಿ ಬಿಸಿಲು ಕಾಯುವ ಕೊಂಬೆ ನಿಂತಿರುವವರ ಕಣ್ಣಿಗಿಂತ ಮೇಲಿರುವಂತೆ ಮಾಡಿ. ಇಷ್ಟು ಮಾಡಿದರೆ ನೀವು ಹತ್ತಿರ ಹೋದಾಗ ಓಡುವ ಪ್ರಾಣಿ ಕೂತಲ್ಲೇ ಕೂತು ಒಂದು ಕಣ್ಣು ತಿರುಗಿಸಿ ನೋಡುವಷ್ಟಕ್ಕೆ ಇಳಿಯುತ್ತದೆ.

4. ಕೊಂಬೆಗಳು

ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಕೋಲನ್ನು ಓರೆಯಾಗಿ ನಿಲ್ಲಿಸಿ ಮುಗಿಸುವವರೇ ಹೆಚ್ಚು. ನಿಜವಾಗಿ ಪಂಜರದ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಗೇ.

ಗೋಸುಂಬೆಯ ಪಾದವನ್ನು ಹತ್ತಿರದಿಂದ ನೋಡಿ. ಐದು ಬೆರಳು ಎರಡು ಗೊಂಚಲಾಗಿ ಕೂಡಿಕೊಂಡಿರುತ್ತವೆ. ಮುಂಗಾಲಿನಲ್ಲಿ ಒಳಗೆ ಮೂರು, ಹೊರಗೆ ಎರಡು. ಹಿಂಗಾಲಿನಲ್ಲಿ ಒಳಗೆ ಎರಡು, ಹೊರಗೆ ಮೂರು. ಹೀಗಾಗಿ ಮುಂದೂ ಹಿಂದೂ ಸೇರಿ ಕೊಂಬೆಯನ್ನು ಎರಡು ಕಡೆಯಿಂದಲೂ ಸಮನಾಗಿ ಕಚ್ಚಿ ಹಿಡಿಯುತ್ತದೆ. ಚಪ್ಪಟೆ ನೆಲದ ಮೇಲೆ ನಡೆಯಲು ಈ ಪಾದ ಹೇಳಿಸಿದ್ದಲ್ಲ. ಆದ್ದರಿಂದ ಬಹುಪಾಲು ಕೊಂಬೆಗಳ ದಪ್ಪ ಪಾದ ಸುತ್ತುವರಿದು ಹಿಡಿಯುವಷ್ಟು ಇರಬೇಕು: ನಿಮ್ಮ ಕಿರುಬೆರಳಿನಿಂದ ಹೆಬ್ಬೆರಳಿನವರೆಗೆ. ಎಲ್ಲವೂ ಒಂದೇ ದಪ್ಪವಾದರೆ ಪಾದದ ಒಂದೇ ಜಾಗದ ಮೇಲೆ ಭಾರ ಬಿದ್ದು ಹುಣ್ಣಾಗುತ್ತದೆ. ತೆಳುವು, ದಪ್ಪ, ನಡುವಿನದು ಎಲ್ಲ ಇರಲಿ.

ಹೆಚ್ಚಿನವು ಅಡ್ಡಡ್ಡ ಇರಬೇಕು. ವಿಶ್ರಾಂತಿ, ಬೇಟೆ, ನಿದ್ದೆ ಎಲ್ಲ ಅಡ್ಡ ಕೊಂಬೆಯ ಮೇಲೆ. ಬೇರೆ ಬೇರೆ ಎತ್ತರದಲ್ಲಿ ಮೂರು ನಾಲ್ಕು ಅಡ್ಡ ಕೊಂಬೆ ಕಟ್ಟಿ, ಅವುಗಳ ನಡುವೆ ಓರೆ ಕೊಂಬೆಗಳಿಂದ ದಾರಿ ಮಾಡಿ. ನಂತರ ಬೆರಳಿನಿಂದ ಆ ದಾರಿಯಲ್ಲಿ ಮೇಲಿನಿಂದ ಕೆಳಗೆ ಬನ್ನಿ. ನಡುವೆ ಎಲ್ಲಾದರೂ ಬೆರಳು ಹಾರಬೇಕಾಗಿ ಬಂದರೆ ಅಲ್ಲೊಂದು ಕೊಂಬೆ ಕಡಿಮೆಯಿದೆ ಎಂದರ್ಥ. ದಾರಿ ಸಿಗದ ಗೋಸುಂಬೆ ಜಾಲರಿ ಹಿಡಿದು ಹತ್ತುತ್ತದೆ, ಬೀಳುತ್ತದೆ.

ಕಟ್ಟುವುದು ಹೇಗೆ? ತೆಳುವಾದ ಜಾಲರಿ ಭಾರ ತಡೆಯುವುದಿಲ್ಲ. ಪಂಜರದ ಒಳಬದಿಗೆ ಚೌಕಟ್ಟಿನಿಂದ ಚೌಕಟ್ಟಿಗೆ ಒಂದು ಪ್ಲಾಸ್ಟಿಕ್ ಅಡ್ಡಪಟ್ಟಿ ಸ್ಕ್ರೂ ಹಾಕಿ ಕೂರಿಸಿ, ಕೊಂಬೆ ಮತ್ತು ಕುಂಡಗಳನ್ನು ಅದಕ್ಕೆ ಕೇಬಲ್ ಟೈನಿಂದ ಬಿಗಿಯಿರಿ. ಟೈನ ಉಳಿದ ತುದಿಯನ್ನು ಬುಡಕ್ಕೆ ಸರಿಯಾಗಿ ಕತ್ತರಿಸಿ, ಗಂಟನ್ನು ಪಂಜರದ ಹೊರಬದಿಗೆ ತಿರುಗಿಸಿ. ಚೂಪಾದ ತುದಿ ಒಳಗೆ ಉಳಿದರೆ ಕಣ್ಣಿಗೆ ಅಪಾಯ. ಗಟ್ಟಿಯಾಗಿದೆಯೇ ಎಂದು ಕೈಯಿಂದ ಕೆಳಗೆ ಒತ್ತಿ ನೋಡಿ. ಸ್ವಲ್ಪ ಬಾಗಿದರೆ ಪರವಾಗಿಲ್ಲ, ತಿರುಗಬಾರದು.

ಹೊರಗಿನಿಂದ ತಂದ ಕೊಂಬೆಯನ್ನು ಕೀಟನಾಶಕ ಬೀಳದ ಮರದಿಂದ ಆರಿಸಿ, ಬಿಸಿನೀರಿನಲ್ಲಿ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಹಾಲು ಅಥವಾ ಅಂಟು ಸುರಿಸುವ ಮರ ಬೇಡ.

5. ಗಿಡ

ಜೀವಂತ ಗಿಡವೇ ಇರಲಿ. ಪ್ಲಾಸ್ಟಿಕ್ ಎಲೆ ಮರೆಯನ್ನಷ್ಟೇ ಕೊಡುತ್ತದೆ. ಗಿಡ ಮರೆಯ ಜೊತೆ ತೇವವನ್ನೂ ಕೊಡುತ್ತದೆ, ನೀರಿನ ಹನಿಯನ್ನೂ ಹಿಡಿದಿಡುತ್ತದೆ. ವೇಲ್ಡ್ ಗೋಸುಂಬೆಯಂತೂ ಎಲೆ ತಿನ್ನುತ್ತದೆ, ಪ್ಲಾಸ್ಟಿಕ್ ಎಲೆಯನ್ನೂ ಕಚ್ಚುತ್ತದೆ, ಅದು ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಮನಿ ಪ್ಲಾಂಟ್, ದಾಸವಾಳ, ಷೆಫ್ಲೆರಾ, ಫೈಕಸ್ ಬೆಂಜಮಿನಾ: ಈ ನಾಲ್ಕರಲ್ಲಿ ಯಾವ ಎರಡು ಸಿಕ್ಕರೂ ಸಾಕು. ಷೆಫ್ಲೆರಾ ಅಥವಾ ಫೈಕಸ್ ನಡುವಿನ ಮರವಾಗಲಿ, ಮನಿ ಪ್ಲಾಂಟ್ ಅಂಚಿನಲ್ಲಿ ಇಳಿಬೀಳಲಿ. ಕಣಗಿಲೆ, ಡೈಫೆನ್‌ಬೇಕಿಯಾ ಹತ್ತಿರವೂ ಬೇಡ.

ನರ್ಸರಿಯಿಂದ ತಂದ ಗಿಡದ ಎಲೆಗಳ ಎರಡೂ ಮಗ್ಗುಲನ್ನು ತೊಳೆಯಿರಿ. ಅದರ ಮಣ್ಣಿನಲ್ಲಿ ರಾಸಾಯನಿಕ ಗೊಬ್ಬರದ ಗುಳಿಗೆಗಳು, ಬಿಳಿ ಪರ್ಲೈಟ್ ಕಾಳುಗಳು ಇರುತ್ತವೆ. ಅದನ್ನು ತೆಗೆದು ಸಾದಾ ಸಾವಯವ ಮಣ್ಣಿಗೆ ನೆಡಿ. ಕುಂಡದ ಬಾಯಿಗೆ ಗೋಸುಂಬೆಯ ತಲೆಗಿಂತ ದೊಡ್ಡ ಕಲ್ಲುಗಳನ್ನು ಮುಚ್ಚಿ.

ಎಲೆ ಎಷ್ಟಿರಬೇಕು? ಗೋಸುಂಬೆ ಬಯಸಿದರೆ ನಿಮ್ಮ ಕಣ್ಣಿಗೆ ಬೀಳದೆ ಕೂರುವಷ್ಟು. ಹಣ ಕೊಟ್ಟು ತಂದ ಪ್ರಾಣಿ ಕಾಣಿಸಲೇ ಇಲ್ಲ ಎಂದು ಬೇಸರವಾಗಬಹುದು. ಆದರೆ ಅಡಗಲು ಜಾಗವಿದೆ ಎಂದು ಗೊತ್ತಿರುವ ಗೋಸುಂಬೆಯೇ ಧೈರ್ಯವಾಗಿ ಹೊರಗೆ ಕೂರುವುದು.

6. ಯುವಿಬಿ ಬೆಳಕು

ಇಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಸೂರ್ಯನ ಬೆಳಕಿನಲ್ಲಿ ಸುಮಾರು 290ರಿಂದ 320 ನ್ಯಾನೋಮೀಟರ್ ತರಂಗದ ಭಾಗ ಚರ್ಮಕ್ಕೆ ತಾಗಿದಾಗ ದೇಹ ಡಿ3 ಜೀವಸತ್ವ ತಯಾರಿಸುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳತೊಡಗುತ್ತದೆ. ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ನಾಲಿಗೆ ಹಾರಿಸಲು ಬಲ ಉಳಿಯುವುದಿಲ್ಲ. ಒಮ್ಮೆ ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ.

ಕೊಳ್ಳಬೇಕಾದದ್ದು ಉದ್ದನೆಯ ಟಿ5 ಎಚ್‌ಒ (ತೆಳು, ಹೆಚ್ಚು ಪ್ರಖರ) ಕೊಳವೆ ದೀಪ, ಯುವಿಬಿ ಎಷ್ಟೆಂದು ಸೂಚಿಸುವ ಗುರುತು 6% ಅಥವಾ 5.0 ಇರುವ ಮಾದರಿ. ಸುರುಳಿಯಾಕಾರದ ಚಿಕ್ಕ ಯುವಿಬಿ ಬಲ್ಬ್ ಅಗ್ಗ, ಆದರೆ ಅದರ ಬೆಳಕು ಒಂದು ಅಂಗೈ ಜಾಗಕ್ಕಷ್ಟೇ, ಗೋಸುಂಬೆಗೆ ಸಾಲದು. ಕೊಳವೆಯ ಉದ್ದ ಪಂಜರದ ಅಗಲದಷ್ಟು ಇರಲಿ. ಜಾಲರಿ ಮುಚ್ಚಳದ ಮೇಲೆ ಇಟ್ಟರೆ, ಬಿಸಿಲು ಕಾಯುವ ಕೊಂಬೆಯ ಮೇಲೆ ಕೂತ ಪ್ರಾಣಿಯ ಬೆನ್ನು ದೀಪದಿಂದ ಸುಮಾರು 20–23 ಸೆಂ.ಮೀ. ಕೆಳಗೆ ಬರಬೇಕು. ವೇಲ್ಡ್ ಮತ್ತು ಪ್ಯಾಂಥರ್‌ಗೆ ಆ ಜಾಗದಲ್ಲಿ ಯುವಿ ಸೂಚ್ಯಂಕ 3ರ ಆಸುಪಾಸು ಇರುವಂತೆ ನೋಡುತ್ತಾರೆ. ಸೂಚ್ಯಂಕ ಅಳೆಯುವ ಸೋಲಾರ್‌ಮೀಟರ್ 6.5 ದುಬಾರಿ. ನಾಲ್ಕು ಮಂದಿ ಸಾಕುವವರು ಸೇರಿ ಒಂದನ್ನು ಕೊಂಡರೂ ಆಗುತ್ತದೆ, ವರ್ಷಕ್ಕೆ ಎರಡು ಸಲ ಬೇಕಾಗುವ ಉಪಕರಣ ಅದು.

ದೀಪಕ್ಕೂ ಪ್ರಾಣಿಗೂ ನಡುವೆ ಗಾಜು ಅಥವಾ ಪ್ಲಾಸ್ಟಿಕ್ ಬರಬಾರದು. ಸಾಮಾನ್ಯ ಗಾಜು ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಕಿಟಕಿ ಗಾಜಿನ ಹಿಂದೆ ಬೀಳುವ ಬಿಸಿಲಿಗೂ ಇದೇ ಮಾತು. ಜಾಲರಿಯೂ ಒಂದಷ್ಟು ಪಾಲು ಕಡಿಮೆ ಮಾಡುತ್ತದೆ, ಮೇಲೆ ಹೇಳಿದ ದೂರದಲ್ಲಿ ಅದರ ಲೆಕ್ಕವೂ ಸೇರಿದೆ. ದೀಪ ಕಣ್ಣಿಗೆ ಬೆಳಗುತ್ತಲೇ ಇರುತ್ತದೆ, ಯುವಿಬಿ ಮಾತ್ರ ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. ಹಾಕಿದ ದಿನಾಂಕವನ್ನು ಕೊಳವೆಯ ತುದಿಯಲ್ಲಿ ಬರೆದು, ವರ್ಷ ತುಂಬಿದಾಗ ಬದಲಿಸಿ.

ಗಿಡ ಚಿಗುರಲೆಂದು ಪಕ್ಕದಲ್ಲಿ ಹಗಲಿನಂಥ ಬಿಳಿ ಬೆಳಕಿನ (6500 ಕೆಲ್ವಿನ್) ಎಲ್‌ಇಡಿ ಒಂದಿರಲಿ. ಎಲ್ಲ ದೀಪಗಳೂ ಟೈಮರ್‌ಗೆ: 12 ಗಂಟೆ ಬೆಳಕು, 12 ಗಂಟೆ ಕತ್ತಲು. ರಾತ್ರಿ ಕೆಂಪು ಬಲ್ಬ್, ನೀಲಿ ಬಲ್ಬ್ ಯಾವುದೂ ಬೇಡ. ಕತ್ತಲೆಂದರೆ ಕತ್ತಲೇ.

7. ಬಿಸಿ

ಸಾಮಾನ್ಯ ಹ್ಯಾಲೋಜನ್ ಅಥವಾ ಹಳೆಯ ತಂತಿಯ ಬಲ್ಬ್, ಪಿಂಗಾಣಿ ಹೋಲ್ಡರ್ ಇರುವ ಗುಮ್ಮಟದಲ್ಲಿ, ಜಾಲರಿಯ ಮೇಲೆ ಹೊರಗಡೆ. ಯಾವ ಬಲ್ಬೂ ಪಂಜರದ ಒಳಗೆ ಬರಬಾರದು. ಬಿಸಿ ಕಲ್ಲು, ಬಿಸಿ ಚಾಪೆ ಬೇಡ. ಇದಕ್ಕೆ ಬಿಸಿ ಸಿಗಬೇಕಾದದ್ದು ಮೇಲಿನಿಂದ. ಯುವಿಬಿ ಕೊಳವೆಯ ಪಕ್ಕದಲ್ಲೇ ಇಡಿ, ಬಿಸಿ ಕಾಯಿಸಿಕೊಳ್ಳುವಾಗಲೇ ಯುವಿಬಿಯೂ ಸಿಗಲಿ.

ವೇಲ್ಡ್ ಮತ್ತು ಪ್ಯಾಂಥರ್ ಗಂಡಿಗೆ ಬಿಸಿಲು ಕಾಯುವ ಜಾಗದಲ್ಲಿ 29–30 ಡಿಗ್ರಿ ಸೆಲ್ಸಿಯಸ್, ಹೆಣ್ಣು ಮತ್ತು ಮರಿಗಳಿಗೆ 27ರ ಸುತ್ತ, ಜಾಕ್ಸನ್‌ಗೆ 26–27. ಪಂಜರದ ನಡುವೆ 24, ತಳದಲ್ಲಿ 22ರ ಆಸುಪಾಸು. ರಾತ್ರಿ ಎಲ್ಲಕ್ಕೂ ಇಳಿಯಬೇಕು: ವೇಲ್ಡ್, ಪ್ಯಾಂಥರ್‌ಗೆ 20ಕ್ಕೆ ಇಳಿದರೆ ಒಳ್ಳೆಯದು, ಜಾಕ್ಸನ್‌ಗೆ 15ರ ಕೆಳಗೂ ಹಿತವೇ. ಹೊಸಬರು ಗಾಬರಿಯಾಗಿ ರಾತ್ರಿಗೂ ಹೀಟರ್ ಹಾಕುತ್ತಾರೆ. ಸಾಮಾನ್ಯ ಮನೆಯ ಕೋಣೆಯಲ್ಲಿ ಅದರ ಅಗತ್ಯ ಬೀಳುವುದಿಲ್ಲ.

ಉಷ್ಣಾಂಶವನ್ನು ಕೊಂಬೆಯ ಮೇಲೆ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ದೊಡ್ಡ ಗಂಡು ವೇಲ್ಡ್ ಕೂತಾಗ ಅದರ ಕಿರೀಟದ ತುದಿ ಕೊಂಬೆಯಿಂದ ಎಷ್ಟೋ ಮೇಲಿರುತ್ತದೆ, ಮೊದಲು ಸುಡುವುದು ಅದೇ. ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಥರ್ಮಾಮೀಟರ್ ತೆಗೆದುಕೊಂಡು, ಕಿರೀಟ ಎಲ್ಲಿಗೆ ಬರುತ್ತದೋ ಆ ಎತ್ತರದಲ್ಲಿ ಅದನ್ನು ಒಂದು ಗಂಟೆ ಬಿಟ್ಟು ಓದಿ. ಗೋಸುಂಬೆ ಚರ್ಮ ಸುಡುತ್ತಿದ್ದರೂ ಏಳದೆ ಕೂತಿರುವುದುಂಟು. ಬಲ್ಬಿಗೆ ಡಿಮ್ಮರ್ ಹಾಕಿದರೆ ಬಲ್ಬ್ ಬದಲಿಸದೆಯೇ ಒಂದೆರಡು ಡಿಗ್ರಿ ಏರಿಸಿ ಇಳಿಸಬಹುದು.

ಬೆಳಿಗ್ಗೆ ಅದು ಕಪ್ಪಾಗಿ, ಮೈ ಚಪ್ಪಟೆ ಮಾಡಿ ದೀಪಕ್ಕೆ ಅಡ್ಡವಾಗಿ ಕೂತರೆ ಬಿಸಿ ಹೀರುತ್ತಿದೆ ಎಂದರ್ಥ, ಸಹಜ. ಬಣ್ಣ ಪೇಲವವಾಗಿ ಬಾಯಿ ತೆರೆದು ಕೂತಿದ್ದು ತಂಪಿಗೆ ಇಳಿದರೆ, ಬಿಸಿ ಸಾಕಾಗಿದೆ. ದಿನವಿಡೀ ದೀಪದಡಿಯೇ ಕೂತರೆ ಪಂಜರ ತಣ್ಣಗಿದೆ. ದೀಪದ ಹತ್ತಿರವೇ ಸುಳಿಯದಿದ್ದರೆ ಆ ಜಾಗ ವಿಪರೀತ ಬಿಸಿ. ಥರ್ಮಾಮೀಟರ್‌ಗಿಂತ ಈ ಓಡಾಟವನ್ನೇ ನಾನು ಹೆಚ್ಚು ನಂಬುತ್ತೇನೆ.

8. ನೀರು ಮತ್ತು ತೇವ

ಗೋಸುಂಬೆ ನೀರು ಕುಡಿಯುವುದನ್ನು ನೋಡುವುದೇ ಒಂದು ಸೊಗಸು. ಎಲೆಯ ಮೇಲೆ ಹೊಳೆಯುವ ಹನಿಯ ಕಡೆ ಒಂದು ಕಣ್ಣು ತಿರುಗುತ್ತದೆ, ಆಮೇಲೆ ಇನ್ನೊಂದು. ನಿಧಾನವಾಗಿ ತಲೆ ಚಾಚಿ ಮೂತಿಯನ್ನು ಎಲೆಗೆ ಒತ್ತಿ, ಬಾಯಿ ಮೆಲ್ಲಗೆ ಆಡಿಸುತ್ತಾ ಹನಿ ಹನಿಯಾಗಿ ಒಳಗೆಳೆದುಕೊಳ್ಳುತ್ತದೆ, ಗಂಟಲು ಏರಿಳಿಯುತ್ತದೆ. ಹಾಗಾಗಿ ನೀರು ಎಲೆಯ ಮೇಲೆ, ಹನಿಯ ರೂಪದಲ್ಲಿ ಬರಬೇಕು.

ಪಂಪ್ ಮತ್ತು ನಾಜಲ್ ಇರುವ ತುಂತುರು ಯಂತ್ರವನ್ನು ಟೈಮರ್‌ಗೆ ಜೋಡಿಸಿ. ದೀಪ ಹತ್ತುವ ಮೊದಲು ಎರಡು ನಿಮಿಷ, ದೀಪ ಆರಿದ ಮೇಲೆ ಎರಡು ನಿಮಿಷ. ಮಧ್ಯಾಹ್ನಕ್ಕೆ ಬೇಕಿದ್ದರೆ ಮೇಲಿನಿಂದ ತೊಟ್ಟಿಕ್ಕುವ ಡ್ರಿಪ್ಪರ್ ಒಂದನ್ನು 15–20 ನಿಮಿಷ ಬಿಡಿ. ಕೈ ಪಂಪಿನ ಬಾಟಲಿಯಲ್ಲೂ ನಡೆಯುತ್ತದೆ, ಆದರೆ ಪ್ರತಿದಿನ ತಪ್ಪದೆ ಸಿಂಪಡಿಸುವ ಶಿಸ್ತು ಎಲ್ಲರಿಗೂ ಇರುವುದಿಲ್ಲ, ಊರಿಗೆ ಹೋದರೆ ಸಮಸ್ಯೆ. ನೇರವಾಗಿ ಪ್ರಾಣಿಯ ಮುಖಕ್ಕೆ ಚಿಮ್ಮದಂತೆ ನಾಜಲ್ ತಿರುಗಿಸಿ.

ಇನ್ನು ತೇವಾಂಶ. ಮಳೆಕಾಡಿನ ಪ್ರಾಣಿ ಎಂದು ದಿನವಿಡೀ ಪಂಜರವನ್ನು ಒದ್ದೆಯಾಗಿಡುವುದು ಹೊಸಬರು ಮಾಡುವ ದೊಡ್ಡ ತಪ್ಪು. ಅದರ ತವರಿನಲ್ಲಿ ಇರುಳು ಮಂಜು ಇಳಿದು ಬೆಳಗಿಗೆ ಇಬ್ಬನಿ ಕೂರುತ್ತದೆ, ಹಗಲಾದಂತೆ ಎಲ್ಲ ಒಣಗುತ್ತದೆ. ವೇಲ್ಡ್‌ನ ನಾಡು ಒಣ ಸೀಮೆಯಾದರೂ ಅದು ಬದುಕುವುದು ಹೀಗೆ ತೇವ ಇಳಿಯುವ ಕಣಿವೆ, ಬೆಟ್ಟದ ಮಗ್ಗುಲಲ್ಲಿ. ಪಂಜರದಲ್ಲೂ ಅದೇ ಚಕ್ರ ತಿರುಗಲಿ: ಹಗಲು 30–50%, ಪ್ಯಾಂಥರ್‌ಗೆ ಸ್ವಲ್ಪ ಹೆಚ್ಚು, ರಾತ್ರಿ 80%ಕ್ಕೆ ಮೇಲೆ. ರಾತ್ರಿಯ ತೇವಕ್ಕೆ ಮಂಜು ಉಗುಳುವ ಫಾಗರ್ ಬಳಸಿ, ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಬಿಟ್ಟು ಬಿಟ್ಟು ಓಡುವಂತೆ. ಪಂಜರ ತಣ್ಣಗಿರುವಾಗ ಮಾತ್ರ. ಕೋಣೆ ರಾತ್ರಿಯೂ 24 ಡಿಗ್ರಿಗಿಂತ ಇಳಿಯದಿದ್ದರೆ ಫಾಗರ್ ಬಿಟ್ಟುಬಿಡಿ, ತುಂತುರು ಸಾಕು. ಬೆಳಗಿನ ತುಂತುರಿನ ನೀರು ಎರಡು ಮೂರು ಗಂಟೆಯಲ್ಲಿ ಎಲೆಗಳಿಂದ ಆರಬೇಕು. ಮಧ್ಯಾಹ್ನಕ್ಕೂ ಒದ್ದೆ ಉಳಿದರೆ ಗಾಳಿ ಸಾಲದು ಎಂದರ್ಥ.

ಎರಡೂ ಯಂತ್ರಕ್ಕೆ ಆರ್‌ಒ ಅಥವಾ ಬಟ್ಟಿ ಇಳಿಸಿದ ನೀರು ಹಾಕಿ. ಗಡಸು ನೀರು ನಾಜಲ್ ಕಟ್ಟಿಸುತ್ತದೆ, ಎಲೆಗಳ ಮೇಲೆ ಬಿಳಿ ಕಲೆ ಕೂರಿಸುತ್ತದೆ. ಫಾಗರ್‌ನ ತೊಟ್ಟಿ ಮತ್ತು ಕೊಳವೆಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆದು ಒಣಗಿಸಿ. ತೊಳೆಯದ ಫಾಗರ್ ಬ್ಯಾಕ್ಟೀರಿಯಾವನ್ನು ನೇರ ಶ್ವಾಸಕೋಶಕ್ಕೆ ಕಳಿಸುತ್ತದೆ. ತೊಳೆಯುವ ಮನಸ್ಸಿಲ್ಲದಿದ್ದರೆ ಅದನ್ನು ಕೊಳ್ಳದಿರುವುದೇ ವಾಸಿ.

9. ತಳ

ಬರಿಯ ತಳ, ಅದರ ಕೆಳಗೊಂದು ನೀರು ಹಿಡಿಯುವ ತಟ್ಟೆ. ಮೊದಲ ವರ್ಷಕ್ಕೆ ಇಷ್ಟು ಸಾಕು. ಹಿಕ್ಕೆ ಕಾಣುತ್ತದೆ, ಒರೆಸುವುದು ಸುಲಭ. ಎರೆಹುಳುವಿನಂಥ ಸಣ್ಣ ಜೀವಿಗಳೇ ಸ್ವಚ್ಛ ಮಾಡುವ ಜೀವಂತ ಮಣ್ಣಿನ ತಳ ಚೆಂದವೇ, ಆದರೆ ಕೆಳಗೆ ನೀರು ಬಸಿಯುವ ಪದರ, ಮೇಲೆ ದಪ್ಪ ಎಲೆಹಾಸು ಎಂದು ಅದಕ್ಕೆ ಬೇರೆಯೇ ತಯಾರಿ ಬೇಕು. ಮರದ ತೊಗಟೆ ಚೂರು, ಸಣ್ಣ ಜಲ್ಲಿ ಹರಡಬೇಡಿ. ನಾಲಿಗೆ ಹಾರಿಸಿದಾಗ ಹುಳುವಿನ ಜೊತೆ ಅದೂ ಹೊಟ್ಟೆಗೆ ಹೋಗುತ್ತದೆ.

10. ಊಟದ ಬಟ್ಟಲು

ಹುಳುಗಳನ್ನು ಪಂಜರದಲ್ಲಿ ಸುಮ್ಮನೆ ಬಿಟ್ಟರೆ ಅವು ಎಲೆಗಳಲ್ಲಿ ಅಡಗುತ್ತವೆ. ರಾತ್ರಿ ಮಲಗಿದ ಗೋಸುಂಬೆಯನ್ನು ಹಸಿದ ಕ್ರಿಕೆಟ್ ಹುಳು ಕಚ್ಚುವುದೂ ಉಂಟು. ನಯವಾದ ಒಳಮೈಯ, ಪಾರದರ್ಶಕವಲ್ಲದ ಆಳದ ಡಬ್ಬಿಯೊಂದನ್ನು ಅಡ್ಡ ಕೊಂಬೆಯ ಎದುರು, ಒಂದಡಿ ದೂರದಲ್ಲಿ ತೂಗುಹಾಕಿ. ಹಿಂಬದಿಗೆ ಹುಳು ಹತ್ತಲು ಒಂದು ತುಂಡು ಜಾಲರಿ ಇದ್ದರೆ ಗೋಸುಂಬೆಯ ಕಣ್ಣಿಗೆ ಬೇಗ ಬೀಳುತ್ತದೆ. ಹುಳುವಿನ ಅಗಲ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರದಿರಲಿ. ಹುಳುಗಳಿಗೆ ಮೊದಲೇ ಸೊಪ್ಪು ತರಕಾರಿ ತಿನ್ನಿಸಿ, ಕೊಡುವಾಗ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ. ಡಿ3 ಇರುವ ಪುಡಿ ತಿಂಗಳಿಗೆ ಎರಡು ಸಲ ಸಾಕು.

11. ಹೆಣ್ಣಾದರೆ ಮೊಟ್ಟೆಗೆ ಜಾಗ

ಹೆಣ್ಣು ವೇಲ್ಡ್ ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ, ಐದಾರು ತಿಂಗಳಿಗೇ ಶುರುವಾಗಬಹುದು. ಮೊಟ್ಟೆ ಇಡಲು ಒಪ್ಪುವ ಜಾಗ ಸಿಗದಿದ್ದರೆ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದು ಪ್ರಾಣಕ್ಕೆ ಬರುತ್ತದೆ. 30 ಸೆಂ.ಮೀ. ಉದ್ದ, ಅಗಲ, ಆಳವಿರುವ ತೊಟ್ಟಿಗೆ ತೊಳೆದ ಮರಳು ತುಂಬಿ. ಬೆರಳಿನಿಂದ ಸುರಂಗ ಕೊರೆದರೆ ಕುಸಿಯದೆ ನಿಲ್ಲುವಷ್ಟು ಒದ್ದೆ ಇರಲಿ. ತೊಟ್ಟಿ ಸದಾ ಪಂಜರದಲ್ಲೇ ಇರಲಿ. ಅದು ಅಗೆಯತೊಡಗಿದರೆ ಪಂಜರಕ್ಕೆ ಬಟ್ಟೆ ಮುಚ್ಚಿ, ಇಣುಕಬೇಡಿ. ಯಾರೋ ನೋಡುತ್ತಿದ್ದಾರೆಂದು ಅನಿಸಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ.

12. ಖಾಲಿ ಪಂಜರದ ಎರಡು ವಾರ

ಈಗ ಪ್ರಾಣಿಯಿಲ್ಲದೆ ಎಲ್ಲವನ್ನೂ ಓಡಿಸಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಉಷ್ಣಾಂಶ ಮತ್ತು ತೇವಾಂಶ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬರೆದಿಡಿ. ಟೈಮರ್ ಒಂದು ದಿನ ತಪ್ಪಿತೇ, ತಟ್ಟೆ ತುಂಬಿ ನೆಲಕ್ಕೆ ಹರಿಯಿತೇ, ನಾಜಲ್ ಸೋರುತ್ತಿದೆಯೇ, ಗಿಡ ಬಾಡಿತೇ ಎಲ್ಲ ಈಗಲೇ ಗೊತ್ತಾಗಲಿ. ವೈರುಗಳನ್ನು ಪ್ಲಗ್‌ಗಿಂತ ಕೆಳಗೆ ಒಮ್ಮೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ವೈರಿನ ಮೇಲೆ ನೀರು ಹರಿದರೂ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಸಾಕೆಟ್ ಸೇರುವುದಿಲ್ಲ. ಸೋರಿಕೆ ಕರೆಂಟ್ ತಡೆಯುವ ಬ್ರೇಕರ್ ಇರುವ ಸಾಲಿಗೇ ಜೋಡಿಸಿ. ಸರೀಸೃಪ ನೋಡುವ ಪಶುವೈದ್ಯರನ್ನು ಹುಡುಕಿಟ್ಟುಕೊಳ್ಳಬೇಕಾದದ್ದೂ ಈ ಎರಡು ವಾರದಲ್ಲೇ. ಎಲ್ಲ ಪಶುವೈದ್ಯರೂ ಗೋಸುಂಬೆಯನ್ನು ನೋಡುವುದಿಲ್ಲ.

13. ಬಂದ ಮೇಲೆ

ತಂದ ಪೆಟ್ಟಿಗೆಯನ್ನು ಪಂಜರದೊಳಗೆ ಕೊಂಬೆಗೆ ತಾಗುವಂತೆ ಇಟ್ಟು ತೆರೆಯಿರಿ, ತಾನಾಗಿ ಹತ್ತಲಿ. ಮೊದಲ ವಾರ ನೀರು, ಊಟ, ಸ್ವಚ್ಛತೆ ಬಿಟ್ಟರೆ ಕೈ ಒಳಗೆ ಹೋಗಬಾರದು. ಒಂದೆರಡು ದಿನ ತಿನ್ನದಿದ್ದರೆ ಚಿಂತೆಯಿಲ್ಲ. ಬಣ್ಣ ನೋಡಿ ಗಾಬರಿಯಾಗಬೇಡಿ: ಹಿನ್ನೆಲೆಗೆ ಹೊಂದಿಕೊಳ್ಳಲು ಬಣ್ಣ ಬದಲಿಸುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ, ಆದರೆ ಬಣ್ಣ ಹೆಚ್ಚಾಗಿ ಹೇಳುವುದು ಅದರ ಮನಸ್ಥಿತಿ ಮತ್ತು ಮೈಬಿಸಿಯನ್ನು. ಪ್ಯಾಂಥರ್‌ನ ಚರ್ಮದ ಕೋಶಗಳಲ್ಲಿರುವ ಅತಿಸಣ್ಣ ಹರಳುಗಳ ನಡುವಿನ ಅಂತರ ಬದಲಾದಾಗ ಬಣ್ಣ ಬದಲಾಗುತ್ತದೆ ಎಂದು ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಹೊಸ ಜಾಗದಲ್ಲಿ ಎರಡು ಮೂರು ದಿನ ಕಪ್ಪಾಗಿರುವುದು ಸಹಜ. ವಾರ ಕಳೆದರೂ ಹಗಲಿಡೀ ಕಪ್ಪಾಗಿಯೇ ಇದ್ದರೆ ಏನೋ ಹೆದರಿಸುತ್ತಿದೆ: ಕಿಟಕಿಯಾಚೆಯ ಹಕ್ಕಿ, ಎದುರು ಕೂತು ದಿಟ್ಟಿಸುವ ಬೆಕ್ಕು, ಹೊಳೆಯುವ ಗಾಜು.

ಪ್ರತಿದಿನ ನೋಡಬೇಕಾದದ್ದು ಎರಡು. ಒಂದು, ಕಣ್ಣು: ಹಗಲಲ್ಲಿ ತೆರೆದು ತಿರುಗುತ್ತಿರಬೇಕು. ಹಗಲು ಕಣ್ಣು ಮುಚ್ಚಿ ಕೂತ ಗೋಸುಂಬೆ ನಿದ್ದೆ ಮಾಡುತ್ತಿಲ್ಲ, ಅದಕ್ಕೆ ಹುಷಾರಿಲ್ಲ. ಅಂದೇ ವೈದ್ಯರ ಬಳಿ ಹೋಗಬೇಕು. ಎರಡು, ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ: ಬಿಳಿ ಇದ್ದು ತುದಿಯಲ್ಲಿ ಸ್ವಲ್ಪ ಹಳದಿಯಿದ್ದರೆ ಪರವಾಗಿಲ್ಲ. ಪೂರ್ತಿ ಕಿತ್ತಳೆ ಬಣ್ಣವಾದರೆ ನೀರು ಸಾಲುತ್ತಿಲ್ಲ. ಬೆಳಗಿನ ತುಂತುರನ್ನು ಒಂದೆರಡು ನಿಮಿಷ ಹೆಚ್ಚಿಸಿ, ಮೂರು ದಿನ ನೋಡಿ. ಮೊದಲ ಹಿಕ್ಕೆಯನ್ನೇ ಸಣ್ಣ ಡಬ್ಬಿಯಲ್ಲಿ ಹಾಕಿ ತಂಪಾಗಿಟ್ಟು, ಪರೋಪಜೀವಿ ಪರೀಕ್ಷೆಗೆಂದು ಮರುದಿನವೇ ವೈದ್ಯರಿಗೆ ಕೊಟ್ಟುಬನ್ನಿ. ಆ ಭೇಟಿಗೆ ಪ್ರಾಣಿಯನ್ನು ಹೊತ್ತೊಯ್ಯಬೇಕಾಗಿಲ್ಲ.